ಹುಣಸೆಹಣ್ಣಿನಲ್ಲಿ ತೊಳೆದ ಹಿತ್ತಾಳೆ

ಮಗಳ ರಕ್ತದಲ್ಲಿ ಸೀಸ ಇದೆ ಎಂದು ಡಾಕ್ಟರ್ ಆಫೀಸಿನಿಂದ ಫೋನ್ ಬಂದಾಗ ನಾನು ಗ್ಯಾರೇಜಿನಲ್ಲಿ ಕೂತು ಬಂದೂಕಿನ ಗುಂಡುಗಳನ್ನು ಜೋಡಿಸುತ್ತಿದ್ದೆ. ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಅಲ್ಲಿಗೇ ಬಂದಳು. ಎರಡು ವರ್ಷದ ಮಕ್ಕಳಿಗೆ ಮಾಡಿಸುವ ಮಾಮೂಲಿ ಪರೀಕ್ಷೆ ಅದು. ನರ್ಸ್ ಒಂದೊಂದಾಗಿ ಕೇಳಿದಳು. ಮನೆಗೆ ಹಳೆಯ ಬಣ್ಣ ಇದೆಯೇ? ಡಲ್ಲಾಸ್ ಪಕ್ಕದ ಕಾಪೆಲ್‌ನ ನಮ್ಮ ಮನೆ ಹೊಸದು, ಇಲ್ಲ. ಇಂಡಿಯಾದಿಂದ ತಂದ ಅರಿಶಿನ, ಕುಂಕುಮ? ಇದೆ. ಸೀಸ ಬಳಸುವ ಕೆಲಸವನ್ನೋ ಹವ್ಯಾಸವನ್ನೋ ಯಾರಾದರೂ ಇಟ್ಟುಕೊಂಡಿದ್ದೀರಾ? ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲೇ ಇಲ್ಲ.

ಈ ಹುಚ್ಚು ಹತ್ತಿದ್ದು ಆಸ್ಟಿನ್‌ನಲ್ಲಿ ಎಂ.ಎಸ್. ಓದುವಾಗ. ಪಕ್ಕದ ಮನೆಯ ಮುದುಕ ಗುಂಡು ಹಾರಿಸುವ ರೇಂಜಿಗೆ ಕರೆದುಕೊಂಡು ಹೋಗಿ ಗುರಿ ಹಿಡಿಯುವುದನ್ನು ಕಲಿಸಿದ. ಗುಂಡು ಹಾರಿದ ಮೇಲೆ ಸಣ್ಣ ಹಿತ್ತಾಳೆ ಕೊಳವೆ ಕೆಳಗೆ ಬೀಳುತ್ತದೆ. ಅದಕ್ಕೆ ಕೇಸ್ ಎನ್ನುತ್ತಾರೆ. ಅದನ್ನು ಆಯ್ದು ತಂದು, ತೊಳೆದು, ಮತ್ತೆ ಮದ್ದು ತುಂಬಿ ಹೊಸ ಗುಂಡು ಕೂರಿಸಿದರೆ ರೀಲೋಡಿಂಗ್. ಮದ್ದು, ಸೀಸ ಕೈಗೆ ತಾಗದಂತೆ ತಾಮ್ರದ ಹೊದಿಕೆ ಹಾಕಿದ ಗುಂಡು ಎಲ್ಲವನ್ನೂ ನಾನು ಡಲ್ಲಾಸಿನ ಅಂಗಡಿಯಿಂದಲೇ ತರುತ್ತಿದ್ದೆ. ಸೀಸ ಕರಗಿಸಿ ಮನೆಯಲ್ಲೇ ಗುಂಡು ಎರಕ ಹೊಯ್ಯುವವರಿಗೆ ಬುದ್ಧಿ ಹೇಳುವಷ್ಟು ದೊಡ್ಡ ಮನುಷ್ಯ ನಾನು. ಆದರೆ ಕೇಸ್ ತೊಳೆಯುವುದಕ್ಕೂ ಬಾಟಲಿಯಲ್ಲಿ ದ್ರಾವಣ ಮಾರುತ್ತಾರಲ್ಲ, ಅದನ್ನು ಕಂಡರೆ ಮಾತ್ರ ನಗು ಬರುತ್ತಿತ್ತು. ಹಿತ್ತಾಳೆ ಬೆಳಗುವುದನ್ನು ಇವರಿಂದ ಕಲಿಯಬೇಕೇ ನಾವು? ನಮ್ಮವ್ವ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದ ತಂಬಿಗೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಆ ವರ್ಷ ಅವ್ವ ಗದಗದಿಂದ ಆರು ತಿಂಗಳಿಗೆಂದು ಬಂದಿದ್ದಳು. ಡ್ರೈವ್ ಮಾಡಲು ಬಾರದವರಿಗೆ ಈ ಊರಿನಲ್ಲಿ ಕಾಲೇ ಇಲ್ಲ. ಒಂದು ದಿನ ನಾನು ಕೇಸ್ ತೊಳೆಯಲು ಹುಣಸೆಹಣ್ಣು ನೆನೆಹಾಕಿಕೊಂಡು ಪರದಾಡುವುದನ್ನು ನೋಡಿ ಪಕ್ಕಕ್ಕೆ ತಳ್ಳಿದಳು.

"ಗಂಡಸರ ಕೈಗೆ ಹಿತ್ತಾಳಿ ಕೊಟ್ಟರ ಹಿಂಗ ಆಗೂದು. ಸರಿ ಇತ್ತಾಗ. ವಾರಕ್ಕೊಮ್ಮೆ ತಂದು ಹಾಕು, ನಾ ತೊಳಿತೀನಿ."

ಅಡುಗೆಮನೆಯ ಸಿಂಕಿನಲ್ಲಿ ಬರಿಗೈಯಲ್ಲಿ ತಿಕ್ಕಿದಳು. ಜೋಳದ ಹಿಟ್ಟು ಸಾಣಿಸುವ ಜರಡಿಯಲ್ಲಿ ಬಸಿದಳು. ಊಟದ ತಾಟಿನಲ್ಲಿ ಹರವಿ ಹಿತ್ತಲ ಬಿಸಿಲಿಗೆ ಇಟ್ಟಳು. ಮಗಳು ಪಕ್ಕದಲ್ಲಿ ಕೂತು ಕೇಸುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು, ನಡುನಡುವೆ ಬೆರಳು ಚೀಪುತ್ತಿದ್ದಳು. ನಾನು ಫೋಟೊ ತೆಗೆದು, ಅಂಗಡಿಯದಕ್ಕಿಂತ ಅವ್ವನದೇ ಮೇಲು ಎಂದು ಬರೆದು ಗೆಳೆಯರ ಗ್ರೂಪಿಗೆ ಹಾಕಿದೆ.

ನರ್ಸ್ ಫೋನ್ ಮಾಡಿದ ದಿನ ಹೆಂಡತಿ ಅರಿಶಿನದ ಡಬ್ಬಿ ಕೈಗೆತ್ತಿಕೊಂಡಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ನೀವು ತಂದಿದ್ದೆಲ್ಲ ಬಿಸಾಕ್ಬೇಕು" ಎಂದಳು. ಅವಳು ಮೈಸೂರಿನವಳು, ಎಷ್ಟೇ ಸಿಟ್ಟು ಬಂದರೂ ದನಿ ಏರಿಸುವುದಿಲ್ಲ. ಅವ್ವ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡಳು. ತಾನೇ ಕುಟ್ಟಿ ತಂದಿದ್ದ ಖಾರಪುಡಿ, ಮಸಾಲೆಯನ್ನೂ ಸೇರಿಸಿ ಕಸದ ಚೀಲಕ್ಕೆ ಸುರಿದಳು. ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಗೆ ಹೋಗಿ ಅರಿಶಿನ, ಖಾರಪುಡಿಯ ಪ್ಯಾಕೆಟ್ ತಂದೆವು. ಪೀಡೆ ಕಳೆಯಿತು ಎಂದುಕೊಂಡೆ. ತಲೆಬಿಸಿ ಕಳೆಯಲೆಂದು ಪ್ರತಿ ವಾರಾಂತ್ಯ ರೇಂಜಿಗೆ ಹೋದೆ. ಎರಡರಷ್ಟು ಕೇಸ್ ತಂದೆ. ಅವ್ವ ಎರಡರಷ್ಟು ತೊಳೆದಳು.

ಮುಂದಿನ ಪರೀಕ್ಷೆಯಲ್ಲಿ ಸೀಸ ಇನ್ನೂ ಏರಿತ್ತು.

ಸೀಸ ಮಕ್ಕಳ ಮಿದುಳನ್ನು ಕೆಡಿಸುತ್ತದೆ ಎಂಬುದನ್ನು ಆಮೇಲೆ ರಾತ್ರಿಯಿಡೀ ಕೂತು ಓದಿದೆ. ಮಗಳ ಬಾಯಲ್ಲಿ ಇದ್ದದ್ದೇ ಕೆಲವು ಮಾತು. ಅವಳು ಸುಮ್ಮನೆ ಕೂತರೆ ಜೀವ ಬಾಯಿಗೆ ಬರುತ್ತಿತ್ತು. ನಿನ್ನೆ ಹೇಳಿದ ಮಾತನ್ನು ಇವತ್ತು ಹೇಳುತ್ತಾಳೋ ಇಲ್ಲವೋ ಎಂದು ಆಟಿಕೆ ಹಿಡಿದು ಹಿಡಿದು ಕೇಳುತ್ತಿದ್ದೆ. ಇಟ್ಸ್ ಎ ಡಾಗ್, ಹೇಳು ಪುಟ್ಟಿ, ಹೇಳು. ಮಗು ಹೆದರಿ ಅಳುತ್ತಿತ್ತು. ನಲ್ಲಿ ನೀರು ಪರೀಕ್ಷೆ ಮಾಡಿಸಿದೆ. ಮಂಚ ಬದಲಾಯಿಸಿದೆ. ಕಂಡಕಂಡ ದೇವರಿಗೆ ಹರಕೆ ಹೊತ್ತೆ, ಹಿಂದೆಂದೂ ಕೈ ಮುಗಿಯದವನು.

ಹ್ಯೂಸ್ಟನ್‌ನ ಮಕ್ಕಳ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅವ್ವನನ್ನು ಮನೆಯಲ್ಲಿ ಬಿಟ್ಟು ನಾವು ಮೂವರೂ ಹೋದೆವು. ಅಲ್ಲಿನ ಡಾಕ್ಟರ್, ವಯಸ್ಸಾದ ಹೆಂಗಸು, ಮಗು ಎದ್ದಾಗಿನಿಂದ ಮಲಗುವ ತನಕ ಏನೇನು ಮುಟ್ಟುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತ ಹೋದಳು. ಮಗಳ ಆಟ ಎಷ್ಟು ಚೆಂದ ಎಂದು ತೋರಿಸಲು ನಾನೇ ಫೋನ್ ತೆಗೆದು, ಅವ್ವನ ಪಕ್ಕ ಕೂತು ಕೇಸ್ ಜೋಡಿಸುತ್ತಿದ್ದ ಆ ಫೋಟೊ ಮುಂದೆ ಹಿಡಿದೆ.

ಡಾಕ್ಟರ್ ಪೆನ್ನು ಕೆಳಗಿಟ್ಟಳು. ಕೇಸಿನ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನಲ್ಲಿ ಸೀಸ ಇರುತ್ತದಂತೆ. ಹಾರಿಸಿದ ಪ್ರತಿ ಕೇಸಿನೊಳಗೂ ಅದರ ಬೂದಿ ಉಳಿಯುತ್ತದೆ, ತೊಳೆದರೆ ನೀರಿಗೆ ಬರುತ್ತದೆ, ಹುಳಿ ಹಾಕಿದರೆ ಇನ್ನಷ್ಟು ಕರಗುತ್ತದೆ. ಅದನ್ನು ನಿಲ್ಲಿಸಿದರೆ ಸೀಸ ಇಳಿಯುತ್ತದೆ ಎಂದಳು. ಇಷ್ಟು ದಿನ ಮಿದುಳಿಗೆ ಆದದ್ದು ಸರಿಹೋಗುತ್ತದೆಯೇ ಎಂದು ಹೆಂಡತಿ ಕೇಳಿದಳು. ಮಗು ಬೆಳೆಯುವ ತನಕ ಯಾರೂ ಹೇಳಲಾರರು ಎಂದಳು ಡಾಕ್ಟರ್.

ಕಾರು ಹ್ಯೂಸ್ಟನ್ ದಾಟಿತು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ನರ್ಸ್ ಅವತ್ತೇ ಕೇಳಿದ್ರು. ನೀನು ಇಲ್ಲ ಅಂದೆ. ಗ್ಯಾರೇಜಲ್ಲೇ ಕೂತ್ಕೊಂಡು ಇಲ್ಲ ಅಂದೆ."

ಡಲ್ಲಾಸಿನಲ್ಲಿ ಆ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದೆ. ವರ್ಷಗಟ್ಟಲೆ ನೋಡಿ ನಕ್ಕಿದ್ದ ಬಾಟಲಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದು ಹಿಂಬದಿ ಓದಿದೆ. ಕೈಗವಸು ಹಾಕಿ, ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳಿಂದ ದೂರವಿಡಿ. ಹುಣಸೆಹಣ್ಣಿನ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಬಾಟಲಿ ಅಲ್ಲೇ ಇಟ್ಟು ಬಂದೆ.

ಸಂಜೆ ಮನೆ ತಲುಪಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ನನಗಿದ್ದ ಒಂದೇ ಸಮಾಧಾನವೆಂದರೆ ಅವಳ ತಲೆಯ ಮೇಲಿನ ಆರೋಪವನ್ನಾದರೂ ಇಳಿಸಬಹುದು ಎಂಬುದು. ಅದನ್ನೇ ಮೊದಲು ಹೇಳಿದೆ.

"ಅವ್ವಾ, ನಿನ್ನ ಅರಿಶಿಣದಾಗ ಏನೂ ಇರಲಿಲ್ಲ."

ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ಮತ್ತ ಎದರಿಂದ?"

ಹೇಳಿದೆ. ಹೇಳುತ್ತಿದ್ದ ಹಾಗೆಯೇ ನಾನು ಏನು ಮಾಡುತ್ತಿದ್ದೇನೆಂದು ಗೊತ್ತಾಯಿತು, ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು.

"ನಾ ತೊಳೆದದ್ದು?"

"ತೊಳಿ ಅಂತ ತಂದು ಹಾಕಿದಾಂವ ನಾನು. ತಪ್ಪು ನಂದು, ಅವ್ವಾ."

"ಅದ ಕೈಲೆ ಉಣಿಸೀನಲ್ಲೋ" ಎಂದಳು.

ಮಗಳು ನಮ್ಮಿಬ್ಬರ ನಡುವೆ ನುಗ್ಗಿ ಬಂದು, "ಅಜ್ಜಿ, ಅಪ್" ಎಂದು ತೋಳು ಚಾಚಿದಳು. ಅವ್ವ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಎತ್ತಿಕೋ ಅವ್ವಾ. ಕೈ ತೊಳಕೊಂಡರ ಸಾಕಂತ."

"ಎದರಲೆ ತೊಳಕೊಳ್ಳಲಿ" ಎಂದು ನನ್ನನ್ನೇ ನೋಡಿದಳು. "ಅದನ್ನರ ಹೇಳೋ."