ಗೆದ್ದವರು ಕುಡಿಸಬೇಕು

ಮ್ಯಾನಿಟೋಬಾದ ನಮ್ಮ ಪುಟ್ಟ ಊರಿನಲ್ಲಿ ಲೆಸ್ಯಾ ಹ್ನಾತ್ಯುಕ್ ಶಾಲೆಯ ಬಸ್ಸು ಓಡಿಸುತ್ತಾಳೆ. ಹಿಂದಿನ ಸೀಟಿನ ತರಲೆಗಳನ್ನು ಕನ್ನಡಿಯಲ್ಲೇ ಹಿಡಿಯುವ ಹೆಂಗಸು. ಉಳಿದ ಹೊತ್ತಿನಲ್ಲಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ನಮ್ಮ ಕರ್ಲಿಂಗ್ ಕ್ಲಬ್ಬುಗಳಿಗಾಗಿ ತಾನೇ ಬರೆದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾಳೆ. ಯಾರಿಗೆ ಯಾರು ಎದುರಾಳಿ ಎಂದು ಅದೇ ಗೊತ್ತುಮಾಡುತ್ತದೆ. ಆಟ ಮುಗಿದಾಗ ಪರದೆಯ ಮೇಲೆ ‘ಇವತ್ತು ಕುಡಿಸುವವರು’ ಎಂದು ಬರುತ್ತದೆ, ಕೆಳಗೆ ಗೆದ್ದ ತಂಡದ ಹೆಸರು. ಸೋತವರಿಗೆ ಗೆದ್ದವರು ಕುಡಿಸುವುದು ಈ ಆಟದ ಹಳೆಯ ರೂಢಿ.

ಹೋದ ಚಳಿಗಾಲ ಟೊರಾಂಟೊದ ಕಂಪನಿಯೊಂದು ಅದನ್ನು ಕದ್ದಿತು. ‘ಸ್ಫೂರ್ತಿ ಪಡೆಯಿತು’ ಎಂದು ನಯವಾಗಿ ಹೇಳುವ ನಾಲಿಗೆ ನನ್ನದಲ್ಲ. ಬಣ್ಣ, ಗುಂಡಿ, ಕೊನೆಗೆ ಲೆಸ್ಯಾಳ ಕಾಗುಣಿತದ ತಪ್ಪೂ ಹಾಗೇ ಇತ್ತು. ಮಾರಲು ಬಂದ ಬ್ರೆಂಟ್ ಎಂಬ ಮಹಾಶಯ ಒಂದು ವರ್ಷ ಪುಕ್ಕಟೆ ಎಂದ. ಪುಕ್ಕಟೆ ಎಂದರೆ ನಮ್ಮ ಸಮಿತಿಗೆ ಬಾಯಲ್ಲಿ ನೀರು. ಸುತ್ತಲಿನ ಕ್ಲಬ್ಬುಗಳೆಲ್ಲ ನಮ್ಮನ್ನೇ ನೋಡಿ ನಡೆಯುವವು. ನಾವು ಕೈಬಿಟ್ಟರೆ ಲೆಸ್ಯಾಳ ಕೆಲಸ ಅಲ್ಲಿಗೇ ಮುಗಿದಂತೆ.

“ಕೋರ್ಟಿಗೆ ಎಳಿಯೇ ಅವರನ್ನ,” ಎಂದು ಲೆಸ್ಯಾಳಿಗೆ ಹೇಳಿದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಕೆಸರಿಗೆ ಕಲ್ಲೆಸೆದು ಮೈಗ್ಯಾಕೆ ಸಿಡಿಸ್ಕೊಳ್ಲಿ? ಶನಿವಾರದ ಪಂದ್ಯಕ್ಕೆ ಅವರದ್ದೇ ಹಾಕಿ. ಕದ್ದೋರಿಗೆ ಎಷ್ಟು ಅರ್ಥ ಆಗಿದೆ ನೋಡೋಣ.”

ಶನಿವಾರ ಬ್ರೆಂಟ್ ತಾನೂ ಒಂದು ತಂಡ ಸೇರಿಕೊಂಡ. ಲೆಸ್ಯಾಳ ತಂಡದೆದುರು ಮಣ್ಣುಮುಕ್ಕಿದ. ಎಲ್ಲರೂ ಪರದೆಯತ್ತ ತಿರುಗಿದೆವು. ‘ಇವತ್ತು ಕುಡಿಸುವವರು’ ಎಂಬುದರ ಕೆಳಗೆ ಸೋತ ತಂಡದ ಹೆಸರಿತ್ತು.

ಸೋತವನ ಕೈಯಿಂದ ಕುಡಿಯುವಷ್ಟು ದರಿದ್ರರು ನಮ್ಮ ಅಜ್ಜಂದಿರ ಕಾಲದಲ್ಲೂ ಇರಲಿಲ್ಲ.

“ಅಲ್ಲೊಂದು ತಪ್ಪಿತ್ತು, ನಾವು ಸರಿ ಮಾಡಿದ್ವಿ,” ಎಂದು ಬ್ರೆಂಟ್ ಬೀಗಿದ.

“ಎಲ್ಲಿತ್ತಪ್ಪಾ ತಪ್ಪು? ಯಾರದ್ರಲ್ಲಿ?” ಎಂದಳು ಲೆಸ್ಯಾ.

ಕದ್ದದ್ದನ್ನು ತಾನೇ ಒಪ್ಪಿಕೊಂಡೆನೆಂದು ಹೊಳೆದು ಬ್ರೆಂಟ್ ಕೋಟಿಗೆ ಕೈಹಾಕಿದ. ಸಮಿತಿಯ ಮುದುಕ ಓರೆಸ್ಟ್ ಕೆಮ್ಮಿದ. “ಅಲ್ಲಯ್ಯಾ, ಕಾಗುಣಿತದ ತಪ್ಪು ಹಾಗೇ ಬಿಟ್ಟು, ಸರಿ ಇದ್ದಿದ್ದನ್ನ ತಿದ್ದಿದ್ದೀಯಲ್ಲೋ! ಕದಿಯೋಕೂ ಬುದ್ಧಿ ಬೇಕು ಕಣಯ್ಯಾ. ತಗೊಂಡು ಹೋಗು ನಿನ್ನ ಪುಕ್ಕಟೆ ಸಾಮಾನು.”

ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. ಲೆಸ್ಯಾ ನಗಲಿಲ್ಲ. ಬಾರಿಗೆ ಹೋಗಿ ಒಂದು ಲೋಟ ವಿಸ್ಕಿ ತಂದು, ಕೋಟು ಹಾಕಿಕೊಳ್ಳುತ್ತಿದ್ದ ಬ್ರೆಂಟ್‌ನ ಮುಂದಿಟ್ಟಳು.

“ಕುಡಿಯಪ್ಪಾ. ಗೆದ್ದೋಳು ನಾನು, ಕುಡಿಸೋಳೂ ನಾನೇ. ಇದನ್ನಾದ್ರೂ ಸರಿಯಾಗಿ ನಕಲು ಮಾಡು.”