ಪಾರ್ಲರ್ ಅಕ್ಕ ಎರಡು ಸಲ ಕೇಳಿದ್ದು

…ಅಥವಾ ಅದು ಬಲಗೈ ಆಗಿತ್ತೋ ಏನೋ. ಎಡಗೈ ಎಂದು ಬರೆದು ಹೊಡೆದುಹಾಕಿದೆ, ಬಲಗೈ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ಕೈಯ ಒಳಬದಿಯಲ್ಲಿ, ಮಣಿಕಟ್ಟಿನಿಂದ ಮೊಣಕೈಯವರೆಗೆ ಬೆರಳಗಲದ ಆರೇಳು ಪಟ್ಟಿಗಳಿದ್ದದ್ದು ಮಾತ್ರ ನಿಜ. ಗೋಧಿ ಬಣ್ಣ, ಜೇನಿನ ಬಣ್ಣ, ಚಹಾದ ಬಣ್ಣ, ಹಳೇ ಬೆಲ್ಲದ ಬಣ್ಣ. ಯಾವ ಫೌಂಡೇಶನ್ ಒಣಗಿದ ಮೇಲೆ ಎಷ್ಟು ಕಪ್ಪಾಗುತ್ತದೆ, ಬೆವರಿದರೆ ಎಲ್ಲಿ ಒಡೆಯುತ್ತದೆ ಎಂದು ಪಾರ್ಲರ್ ಅಕ್ಕ ಮೊದಲು ತಮ್ಮ ಕೈಯಲ್ಲೇ ನೋಡುತ್ತಿದ್ದರು. ಆ ಪಟ್ಟಿಗಳನ್ನು ಹೊತ್ತುಕೊಂಡೇ ಬಸ್ಸು ಹತ್ತುತ್ತಿದ್ದರು, ಮೀನು ಕೊಳ್ಳುತ್ತಿದ್ದರು.

ಅವರ ಪಾರ್ಲರ್ ಇದ್ದದ್ದು ಪುಂಜಾಲಕಟ್ಟೆಯಲ್ಲಿ, ಒಂದು ಬೇಕರಿಯ ಮೇಲಿನ ಕೋಣೆ. ಎರಡು ಕುರ್ಚಿ, ಒಂದು ಕನ್ನಡಿ, ಹಿಂದೆ ಸಣ್ಣ ಬಾಲ್ಕನಿ. ಮದುಮಗಳ ಬಣ್ಣ ಆರಿಸುವುದು ಆ ಬಾಲ್ಕನಿಯ ಬೆಳಕಿನಲ್ಲೇ ಆಗಬೇಕು, ಟ್ಯೂಬ್‌ಲೈಟಿನ ಕೆಳಗಲ್ಲ. ಮೇಕಪ್ ಮಾಡಿಸುವವಳು ಮೊದಲೊಂದು ದಿನ ಬೆಳಿಗ್ಗೆ ಮುಖ ತೊಳೆಯದೆ ಬರಬೇಕು ಎನ್ನುವುದು ಇನ್ನೊಂದು ನಿಯಮ. ಬಂದವಳ ಹಣೆ, ಮೂಗು, ಕೆನ್ನೆಗೆ ತೆಳು ಟಿಶ್ಯೂ ಒತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲ ಕಡೆ ಜಿಡ್ಡು ಬಂದರೆ ಎಣ್ಣೆ ಚರ್ಮ: ಅದಕ್ಕೆ ನೀರಿನಂಥ ಫೌಂಡೇಶನ್, ಮೇಲೆ ಪೌಡರ್. ಟಿಶ್ಯೂ ಬರೀ ಬಿಳಿ ಉಳಿದರೆ ಒಣ ಚರ್ಮ: ಅದಕ್ಕೆ ಪೌಡರ್ ಮುಟ್ಟಿಸುವ ಹಾಗಿಲ್ಲ, ಧಾರೆಯ ಹೊತ್ತಿಗೆ ಹಿಟ್ಟು ಉದುರಿದಂತೆ ಕಾಣುತ್ತದೆ. ಹಣೆ ಮೂಗು ಜಿಡ್ಡಾಗಿ ಕೆನ್ನೆ ಒಣಗಿದ್ದರೆ ಎರಡನ್ನೂ ಬೇರೆ ಬೇರೆ ನೋಡಿಕೊಳ್ಳಬೇಕು.

"ಮುಖ ತೊಳೆಯದೆ ಬಸ್ಸಲ್ಲಿ ಬರುವುದು ಹೇಗೆ ಅಕ್ಕ?" ಎಂದು ಯಾರಾದರೂ ಕೇಳಿದರೆ, "ಯಾಕೆ, ಕಂಡಕ್ಟರನ್ನು ಮದುವೆ ಆಗ್ತೀಯಾ?" ಎನ್ನುತ್ತಿದ್ದರು.

ಒಬ್ಬರು ತಾಯಿ ತಮ್ಮ ಮಗಳನ್ನು ಎರಡು ಬಣ್ಣ ಬೆಳ್ಳಗೆ ಮಾಡಿಕೊಡಿ ಎಂದು ಹಟ ಹಿಡಿದಿದ್ದರು. "ಮುಖ ಮೂಡುಬಿದಿರೆಗೆ ಹೋಗಿ, ಕುತ್ತಿಗೆ ಪುಂಜಾಲಕಟ್ಟೆಯಲ್ಲೇ ನಿಂತರೆ ಹೇಗಮ್ಮ? ಒಂದೇ ಬಸ್ಸಿಗೆ ಹತ್ತಿಸುವ" ಎಂದರು ಅಕ್ಕ. ಆ ತಾಯಿಯೂ ನಕ್ಕರು. ನಾನೂ ನಕ್ಕೆ. ಅದು ನನ್ನ ಮದುವೆಯ ಮೇಕಪ್ಪಿಗೆಂದು ನಾನು ಮುಖ ತೋರಿಸಲು ಹೋದ ದಿನವೇ ನಡೆದದ್ದು ಎಂದು ನನ್ನ ನೆನಪು ಹೇಳುತ್ತದೆ. ಇಷ್ಟು ಸರಿಯಾಗಿ ಕೂಡಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಆದರೆ ನಕ್ಕದ್ದು ಹೌದು. ಮತ್ತು ಆಗ ಮನೆಯಲ್ಲಿ ನನ್ನ ಬಟ್ಟೆಯ ಕಪಾಟಿನೊಳಗೆ ಒಂದು ಟ್ಯೂಬ್ ಇದ್ದದ್ದೂ ಹೌದು.

ನಿಶ್ಚಿತಾರ್ಥದ ದಿನ ಗಂಡಿನ ಅಕ್ಕ, ಮೂಡುಬಿದಿರೆಯವರು, "ಫೋಟೋದಲ್ಲಿ ಹುಡುಗಿ ಇನ್ನೂ ಸ್ವಲ್ಪ ಬೆಳ್ಳಗಿದ್ದಳಲ್ಲ" ಎಂದಿದ್ದರು. ಜೋರಾಗಿ ಅಲ್ಲ. ಮರುದಿನವೇ ನಾನು ಮೆಡಿಕಲ್‌ನಿಂದ ಬೆಳ್ಳಗಾಗುವ ಮುಲಾಮಿನ ಆ ಟ್ಯೂಬ್ ತಂದೆ. ಡಾಕ್ಟರ ಚೀಟಿ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ನಾಲ್ಕು ತಿಂಗಳು ದಿನಾ ಹಚ್ಚಿದೆ. ಬೆಳ್ಳಗಾದೆ ಕೂಡ.

ಮದುವೆಗೆ ಹತ್ತು ದಿನ ಇರುವಾಗ ಮುಖ ತೊಳೆಯದೆ ಪುಂಜಾಲಕಟ್ಟೆಗೆ ಹೋದೆ. ಅಕ್ಕ ಟಿಶ್ಯೂ ಒತ್ತಿದರು, ನೋಡಿದರು, ಮತ್ತೆ ಒತ್ತಿದರು. ಕೆನ್ನೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಅದುಮಿ ಬಿಟ್ಟರು.

"ಏನಾದರೂ ಹಚ್ಚುತ್ತೀಯಾ ಮಗಾ?"

"ಇಲ್ಲಕ್ಕ."

"ಹಾಗಾದರೆ ಸರಿ. ಇನ್ನು ಮದುವೆಯವರೆಗೆ ಹೊಸದು ಹಳತು ಎಂತದ್ದೂ ಬೇಡ. ಬರೀ ನೀರು."

ಸುಳ್ಳು ಹೇಳಿದ ಮೇಲೆ ಅವರ ಮಾತನ್ನು ಪಾಲಿಸಿದೆ. ಅದೇ ದಿನ ಟ್ಯೂಬನ್ನು ಎಸೆದೆ. ನಾನು ಮಾಡಿದ ಒಂದೇ ವಿಧೇಯ ಕೆಲಸ ಅದು, ಕೆಟ್ಟದ್ದೂ ಅದರಿಂದಲೇ. ಸ್ಟೀರಾಯ್ಡ್ ಇರುವ ಅಂಥ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ ಒಮ್ಮೆಲೇ ಬಿಟ್ಟರೆ ಚರ್ಮ ತಿರುಗಿ ಬೀಳುತ್ತದೆ ಎಂದು ಡಾಕ್ಟರು ಹೇಳಿದ್ದು ಮದುವೆಯಾದ ಮೇಲೆ. ಮದುವೆಗೆ ಮೂರು ದಿನ ಇರುವಾಗ ಕೆನ್ನೆ ಉರಿಯತೊಡಗಿತು. ನೆಂಟರು, "ಮದುಮಗಳು ಈಗಲೇ ಕೆಂಪಾಗಿದ್ದಾಳೆ" ಎಂದು ತಮಾಷೆ ಮಾಡಿದರು. ಅಕ್ಕನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಬೆಳ್ತಂಗಡಿಯ ಹಾಲ್‌ನಲ್ಲಿ, ಮದುಮಗಳ ಕೋಣೆಯಲ್ಲಿ, ಅಕ್ಕ ಮೊದಲ ಕ್ರೀಮ್ ಮುಟ್ಟಿಸಿದ್ದೇ ನನ್ನ ಮುಖ ಬೆಂಕಿಯಾಯಿತು. ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ ಸಣ್ಣ ಸಣ್ಣ ಗುಳ್ಳೆ ಎದ್ದವು. ದೊಡ್ಡಮ್ಮ ಕಿರುಚಿದರು: "ಎಂತ ಹಾಕಿದ್ದು ನೀವು ಇದು? ಮದುವೆಯ ದಿನವೇ ಹುಡುಗಿಯ ಮುಖ ಸುಟ್ಟಿರಲ್ಲ ಮಾರಾಯ್ತಿ!"

ಅಕ್ಕ ತಣ್ಣೀರಲ್ಲಿ ಹತ್ತಿ ಬಟ್ಟೆ ಅದ್ದಿ ಎಲ್ಲವನ್ನೂ ಒರೆಸಿದರು. ಒರೆಸುತ್ತಲೇ ಕಿವಿಯ ಹತ್ತಿರ ಬಗ್ಗಿ ಎರಡನೇ ಸಲ ಕೇಳಿದರು: "ಏನಾದರೂ ಹಚ್ಚುತ್ತಿದ್ದೆಯಾ ಮಗಾ? ಹೇಳು, ಯಾರಿಗೂ ಹೇಳುವುದಿಲ್ಲ. ಗೊತ್ತಾದರೆ ಅದಕ್ಕೆ ತಕ್ಕ ಹಾಗೆ ಮಾಡ್ತೇನೆ."

ಕನ್ನಡಿಯಲ್ಲಿ ನನ್ನ ಹಿಂದೆ ಗಂಡಿನ ಅಕ್ಕ ಮಲ್ಲಿಗೆಯ ಚೆಂಡು ಹಿಡಿದು ನಿಂತಿದ್ದರು. ನಾನು ಅವರಿಗೆ ಕೇಳುವಷ್ಟು ಜೋರಾಗಿ, "ಇಲ್ಲ" ಎಂದೆ.

ಆಗ ಪಾರ್ಲರ್ ಅಕ್ಕ ದೊಡ್ಡಮ್ಮನ ಕಡೆ ತಿರುಗಿ, "ನನ್ನದೇ ಏನೋ ತಪ್ಪಾಗಿದೆ" ಎಂದರು. ಈ ಮಾತು ಅವರು ಆಡಿದ್ದೇ ಹೌದಾ, ನಾನು ಆಮೇಲೆ ಅವರ ಬಾಯಿಗೆ ಇಟ್ಟದ್ದಾ? ಕಾಡಿಗೆ, ತುಟಿಗೆ ಸ್ವಲ್ಪ ಬಣ್ಣ, ಹೂವು, ಇಷ್ಟರಲ್ಲೇ ನನ್ನನ್ನು ಮಂಟಪಕ್ಕೆ ಕಳಿಸಿದರು. "ಚರ್ಮವೇ ಬೇಡ ಅಂತ ಹೇಳ್ತಾ ಉಂಟು, ಇವತ್ತು ಮುಚ್ಚುವುದು ಬೇಡ" ಎಂದದ್ದು ಮಾತ್ರ ಖಂಡಿತ ನೆನಪಿದೆ. ಆಲ್ಬಮ್‌ನ ಒಂದು ಫೋಟೋದಲ್ಲಿ ನಾನು ಚೆನ್ನಾಗಿಯೇ ಕಾಣುತ್ತೇನೆ. ಅದೂ ನಾಚಿಕೆಯ ವಿಷಯವೇ.

ಊಟದ ಹೊತ್ತಿಗೆ ದೊಡ್ಡಮ್ಮ ನನ್ನ ಕೆಂಪು ಮುಖದ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು: ಪುಂಜಾಲಕಟ್ಟೆಯ ಆ ಪಾರ್ಲರಿಗೆ ಯಾರೂ ಹೋಗಬೇಡಿ. ಫೋಟೋ ಮೆಲ್ಕಾರ್‌ವರೆಗೆ ಹೋಯಿತು. ಆ ವರ್ಷದ ಮದುವೆಗಳೆಲ್ಲ ಅಕ್ಕನ ಕೈತಪ್ಪಿದವು. ನಿಜ ಏನೆಂದು ಗ್ರೂಪಿನಲ್ಲಿ ಒಂದು ಸಾಲು ಟೈಪ್ ಮಾಡಿ ಅಳಿಸಿಬಿಟ್ಟೆ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಅದು ಸುಳ್ಳು. ನಾನು ಟೈಪೇ ಮಾಡಿರಲಿಲ್ಲ.

ಎರಡು ವರ್ಷದ ಮೇಲೆ ಅವರನ್ನು ಬಂಟ್ವಾಳ ಪೇಟೆಯಲ್ಲಿ ನೋಡಿದೆ, ಇನ್ನೊಬ್ಬರ ಪಾರ್ಲರಿನಲ್ಲಿ. ನನ್ನ ಹುಬ್ಬಿಗೆ ನೂಲು ಹಿಡಿದವರು ಅವರೇ. ಒಡತಿ ಅವರ ಅರ್ಧ ಪ್ರಾಯದವಳು, "ಬೇಗ ಮುಗಿಸಿ ಅಕ್ಕ, ಇನ್ನೂ ಇಬ್ಬರಿದ್ದಾರೆ" ಎನ್ನುತ್ತಿದ್ದಳು.

"ಈಗ ಉರಿ ಇಲ್ಲವಲ್ಲ?" ಎಂದು ಕೇಳಿದರು ಅಕ್ಕ.

"ಇಲ್ಲಕ್ಕ."

"ಒಳ್ಳೆಯದಾಯಿತು. ನಿನ್ನದು ಒಣ ಚರ್ಮ. ಸಾಬೂನು ಹಾಕಬೇಡ, ಆಯ್ತಾ?"

"ಮೇಕಪ್ ಈಗ ಮಾಡುವುದಿಲ್ಲವಾ?"

"ಇಲ್ಲಪ್ಪ. ಹೆದರಿಕೆ ಬಂದಿದೆ" ಎಂದು ನಕ್ಕರು. ಹೇಳಬೇಕೆಂದೇ ಬಾಯಿ ತೆರೆದೆ. ಒಡತಿ ಮುಂದಿನವಳನ್ನು ಕರೆದಳು. ನಾನು ಎದ್ದೆ, ಅದೃಷ್ಟಕ್ಕೆ ಬಿಡುಗಡೆ ಸಿಕ್ಕಿತು ಎಂಬಂತೆ.

ಅವರು ತೀರಿಕೊಂಡದ್ದು ತಿಳಿದದ್ದು ಯಾರದೋ ಸ್ಟೇಟಸ್ಸಿನಿಂದ. ಹೃದಯಾಘಾತವಂತೆ. ಹದಿನೈದು ದಿನ ಬಿಟ್ಟು ಅಳದಂಗಡಿಯಲ್ಲಿದ್ದ ಅವರ ತಂಗಿಯ ಮನೆಗೆ ಹೋದೆ. ಹಳೇ ಗಿರಾಕಿ ಎಂದಷ್ಟೇ ಹೇಳಿಕೊಂಡೆ. ತಂಗಿ ಅವರಷ್ಟಕ್ಕೇ ಮಾತಾಡಿದರು.

"ಬೆಳ್ತಂಗಡಿಯ ಒಂದು ಮದುವೆಯಲ್ಲಿ ಹುಡುಗಿಗೆ ಮುಖ ಕೆಟ್ಟಿತ್ತು. ಆ ದಿನ ಮುಟ್ಟಿದ್ದನ್ನೆಲ್ಲ ಇವಳು ತನ್ನ ಮುಖಕ್ಕೆ ದಿನಾ ಒಂದೊಂದೇ ಹಚ್ಚಿ ನೋಡಿದಳು. ಒಂದು ತಿಂಗಳು. ಎಲ್ಲಿ ತಪ್ಪಾಯಿತು ಅಂತ ಸಿಗಲೇ ಇಲ್ಲ ಅವಳಿಗೆ."

ನಾನು ಹೇಳಿದೆ. ಟ್ಯೂಬು, ನಾಲ್ಕು ತಿಂಗಳು, ಎರಡು ಸಲ ಇಲ್ಲ ಎಂದದ್ದು, ಎಲ್ಲ.

"ಅವಳಿರುವಾಗ ಹೇಳಬಹುದಿತ್ತಲ್ಲ" ಎಂದರು ತಂಗಿ. ನೀರು ಬೇಕಾ ಎಂದು ಕೂಡ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಅಷ್ಟು ಮುಖಗಳನ್ನು ಮುಟ್ಟಿದ ಬೆರಳಿಗೆ ಮುಲಾಮಿನಿಂದ ತೆಳುವಾದ ನನ್ನ ಕೆನ್ನೆ ತಿಳಿಯದೆ ಇರಲು ಸಾಧ್ಯವಿಲ್ಲ. ತಿಳಿದಿದ್ದಕ್ಕೇ ಎರಡು ಸಲ ಕೇಳಿದರು ಎಂದುಕೊಳ್ಳುತ್ತೇನೆ. ತಿಳಿದಿದ್ದರೆ ಒಂದು ತಿಂಗಳು ತಮ್ಮ ಮುಖದಲ್ಲಿ ಏನನ್ನು ಹುಡುಕಿದರು? ನನ್ನ ಮಾತನ್ನು ನಂಬಿದ್ದರೋ, ನಂಬದೆಯೂ ನನ್ನನ್ನು ಬಿಟ್ಟುಕೊಡಲಿಲ್ಲವೋ, ನನಗೆ ಗೊತ್ತಿಲ್ಲ.