ಅಣ್ಣನ ಬಾಯಲ್ಲಿ ಇಲ್ಲದ ವಾಸನೆ

ಅತ್ತಿಗೆ, ಅಣ್ಣನ ಬಾಯಿಂದ ಸಾರಾಯಿ ವಾಸನೆ ಬಂತೆಂದು ನಿಮ್ಮ ಅಪ್ಪನ ಅಂಗಳದಲ್ಲಿ ನಾನು ಹೇಳಿದ್ದು ಸುಳ್ಳು.

ಇಷ್ಟನ್ನು ಬರೆಯಲು ವರ್ಷಗಳೇ ಬೇಕಾದವು — ಥೂ.

ತೊಂಬತ್ತೊಂದೋ ತೊಂಬತ್ತೆರಡೋ, ಇಸವಿ ಕೂಡ ಗಟ್ಟಿಯಾಗಿ ನೆನಪಿಲ್ಲ. ನಾನು ಮದರಾಸಿನಲ್ಲಿ ಎಂಎಸ್ಸಿ ಮುಗಿಸಿ ಬಂದಿದ್ದೆ. ಪಾಲಕೋಡಿನ ಕಡೆ ಕುರಿ ಕಾಯುತ್ತಿದ್ದ ಅಣ್ಣ ತೂರಾಡಿ ನಡೆಯುತ್ತಿದ್ದ, ನಾಲಿಗೆ ತೊದಲುತ್ತಿತ್ತು. ಮಂದೆ ಯಾರದೋ ಟೊಮೇಟೊ ತೋಟಕ್ಕೆ ನುಗ್ಗಿದರೆ ಬದುವಿನ ಮೇಲೆ ಕೂತು ನಗುತ್ತಿದ್ದ. ನೀವು ಮಗಳನ್ನು ಕರೆದುಕೊಂಡು ಪಾಪಿರೆಡ್ಡಿಪಟ್ಟಿಯ ತವರಿಗೆ ಹೋದಿರಿ. ಕುಡಿಯುವುದಿಲ್ಲವೆಂದು ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಆಣೆ ಮಾಡಿದರೆ ಕಳಿಸುತ್ತೇನೆ ಎಂದರು ನಿಮ್ಮ ಅಪ್ಪ.

ಅಣ್ಣನನ್ನು ಬಸ್ಸಿನಲ್ಲಿ ನಾನೇ ಕರೆತಂದೆ. ಅವನು ಕರ್ಪೂರಕ್ಕೆ ಗುರಿಯಿಟ್ಟು ಕೈ ಬಡಿದ. ಕೈ ಪಕ್ಕದ ನೆಲಕ್ಕೆ ಬಿತ್ತು. ಮತ್ತೆ ಬಡಿದ. ಮತ್ತೆ ನೆಲ.

"ಮಾಪ್ಳೆಗೆ ಕರ್ಪೂರಾನೇ ಎಲ್ಡಾಗಿ ಕಾಣ್ತೈತೆ!" ಎಂದು ಯಾರೋ ಅಳಿಯನನ್ನು ಆಡಿಕೊಂಡು ನಕ್ಕರು.

ಅಣ್ಣ ನನ್ನ ಕಡೆ ತಿರುಗಿದ. "ಲೇ ಚಿಕ್ಕೋನೇ, ನೀನಾದ್ರೂ ನಿಜ ಏಳ್ಲಾ. ಬಸ್ಸಲ್ಲಿ ನನ್ ಪಕ್ಕದಾಗೇ ಕುಂತಿದ್ದೆ."

"ಏಳು ತಂಬಿ, ನೀನು ಓದ್ದೋನು," ಎಂದರು ನಿಮ್ಮ ಅಪ್ಪ. "ವಾಸ್ನೆ ಬಂತಾ, ಇಲ್ವಾ?"

"ಬಂತು," ಎಂದೆ.

ಕರ್ಪೂರ ಸಾಕ್ಷಿಯಲ್ಲ, ಕಣ್ಣು ಮೂಗು ಸಾಕ್ಷಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಪಾಠ ಹೇಳಿದ್ದೆ! ಆ ನಗುವಿನ ನಡುವೆ ಅವನ ತಮ್ಮ ಎನಿಸಿಕೊಳ್ಳಲು ಅಸಹ್ಯವಾಯಿತು, ಅಷ್ಟೇ. ಆಮೇಲೆ ನೆನಪು ನನಗೊಂದು ವಾಸನೆಯನ್ನು ತಯಾರಿಸಿ ಕೊಟ್ಟಿತು — ಹುಳಿಹುಳಿ, ಘಾಟು… ವರ್ಷಗಟ್ಟಲೆ ನಂಬಿದೆ. ಬಸ್ಸಿನಲ್ಲಿ ನಿಜವಾಗಿ ಬಂದದ್ದು ಕುರಿ ಉಣ್ಣೆಯ ವಾಸನೆ. 'ಬಂತು' ಎನ್ನುವಾಗಲೇ ಗೊತ್ತಿತ್ತು.

ಕಳೆದ ವರ್ಷ ಬೆಂಗಳೂರಿನಲ್ಲಿ ಅವನ ತಲೆಯ ಸ್ಕ್ಯಾನ್ ಮಾಡಿಸಿದೆ. ಮಿದುಳಿನ ಬಿಳಿ ಭಾಗ ಹಾಳಾಗುತ್ತಿದೆಯಂತೆ. ನರಗಳ ಮೇಲಿನ ಹೊದಿಕೆ ಕಳಚುವ, ವಂಶದಲ್ಲಿ ಬರುವ ಅಪರೂಪದ ರೋಗ. ಕೆಲವರಲ್ಲಿ ದೊಡ್ಡವರಾದ ಮೇಲೆಯೇ ತಲೆಯೆತ್ತುತ್ತದೆ. ಮೊದಲು ನಡತೆ, ನಡಿಗೆ, ಮಾತು ಕೆಡುತ್ತವೆ. "ಕುಡುಕ ಅಂದ್ಕೊಂಡಿದ್ರಾ?" ಎಂದು ಡಾಕ್ಟರು ತಾವಾಗಿಯೇ ಕೇಳಿದರು. ವಾಸಿಮಾಡುವ ಔಷಧಿ ಇಲ್ಲ. ನಮ್ಮ ಅಪ್ಪ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು — ನನ್ನಲ್ಲೂ ಇರಬಹುದು ಎಂದರು. ಅದನ್ನು ಶಿಕ್ಷೆ ಎಂದುಕೊಂಡು ಹಗುರಾಗಲಾರೆ. ಅಣ್ಣ ಏನು ತಪ್ಪು ಮಾಡಿದ್ದ?

ಅಂದೇ ನಿಮಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ. ಓಮಲೂರಿನ ನನ್ನ ಮನೆಯಲ್ಲಿ ಈಗ ಅವನಿಗೆ ಮಲಗಿದಲ್ಲೇ ಎಲ್ಲ. ಬಟ್ಟೆ ಬದಲಿಸುವಾಗ ಮುಖ ತಿರುಗಿಸುತ್ತೇನೆ — ಇಲ್ಲದ ವಾಸನೆಗೆ ಸಾಕ್ಷಿ ಹೇಳಿದ ಇದೇ ಮೂಗು. ಹೇಸಿಗೆ ಅವನ ಮೈಯದಲ್ಲ.

ಮೊನ್ನೆ ಬೆನ್ನು ಒರೆಸುತ್ತಿದ್ದಾಗ ಕಷ್ಟಪಟ್ಟು ಮಾತು ಕೂಡಿಸಿಕೊಂಡು ಕೇಳಿದ: "ಕರ್ಪೂರ… ಆರ್ತಾ?"

"ಆರ್ತಣ್ಣ," ಎಂದುಬಿಟ್ಟೆ. ಮತ್ತೊಂದು ಸುಳ್ಳು. ಅವತ್ತು ಅದನ್ನು ಯಾರೂ ಆರಿಸಲಿಲ್ಲ. ನಾವೆಲ್ಲ ಎದ್ದು ಹೋಗುವಾಗಲೂ ಉರಿಯುತ್ತಿತ್ತು.

ಭಾನುವಾರ ಬರುತ್ತೇನೆ. ಅದೇ ಅಂಗಳದಲ್ಲಿ, ನಿಮ್ಮ ಅಪ್ಪನ ಎದುರು ಹೇಳುತ್ತೇನೆ. ನೀವು ಅಣ್ಣನನ್ನು ನೋಡಲು ಬರಬೇಕೆಂದು ಕೇಳುವುದಿಲ್ಲ, ಕ್ಷಮಿಸಿ ಎಂದೂ… ಮಗಳನ್ನು ಮಾತ್ರ ಹತ್ತಿರ ಕೂರಿಸಿಕೊಳ್ಳಿ. ಅವಳ ಅಪ್ಪ ಅವತ್ತು ಕುಡಿದಿರಲಿಲ್ಲ ಎಂಬುದನ್ನು ಅವಳು ನನ್ನ ಬಾಯಿಂದಲೇ ಕೇಳಬೇಕು.